ಸಬ್‌ವೂಫರ್‌ನವನಿಗೆ ಹೆಣ್ಣು ಹುಡುಕಿದ್ದು

ಬೇರೆಯವರಿಗೆ ವರ್ಷದಲ್ಲಿ ಯಾವಾಗಲೋ ಒಮ್ಮೆ ಆಗುವ ಅವಾಂತರ ನನಗೆ ಹೋದ ಮನೆಯಲ್ಲೆಲ್ಲ ಆಗುತ್ತದೆ. ನಾನಾಗಿ ಏನೂ ಮಾಡುವುದಿಲ್ಲ. ಮೈಕು, ಲ್ಯಾಪ್‌ಟಾಪು, ಒಂದು ಸುರುಳಿ ವಯರು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತೇನೆ, ಅಷ್ಟೆ. ಉಳಿದದ್ದು ತಾನಾಗಿ ನಡೆಯುತ್ತದೆ.

ಮನೆಯಲ್ಲೇ ಸಿನಿಮಾ ನೋಡಲು ಜನ ಮಾಡಿಸಿಕೊಳ್ಳುವ ಕೋಣೆಗಳಿಗೆ ಸಬ್‌ವೂಫರ್ ಕೂಡಿಸಿ, ಅದರ ಸದ್ದನ್ನು ಹದ ಮಾಡಿ ಕೊಡುವುದು ನನ್ನ ಕೆಲಸ. ಗುಡುಗು, ಡೋಲು, ಲಾರಿ ಬಂದದ್ದು, ಇಂಥ ತಗ್ಗಿನ ಸದ್ದನ್ನು ಮಾತ್ರ ಹೊರಡಿಸುವ ದಪ್ಪ ಪೆಟ್ಟಿಗೆಗೆ ಸಬ್‌ವೂಫರ್ ಎನ್ನುತ್ತಾರೆ. ಒಂದು ಕೋಣೆಗೆ ಎರಡು, ಕೆಲವು ಕಡೆ ನಾಲ್ಕು ಇಡುತ್ತೇನೆ. "ಅಷ್ಟು ಗದ್ದಲ ಎಂತಕ್ಕೆ ಮಾರಾಯ್ರೆ?" ಅಂತ ಎಲ್ಲರೂ ಕೇಳುತ್ತಾರೆ. ಗದ್ದಲಕ್ಕಲ್ಲ. ತಗ್ಗಿನ ಸದ್ದು ಗೋಡೆಗಳಿಗೆ ಬಡಿದು ತಿರುಗಿ ಬಂದು ಕೋಣೆಯ ಒಂದು ಕಡೆ ರಾಶಿ ಬೀಳುತ್ತದೆ, ಇನ್ನೊಂದು ಕಡೆ ಹುಡುಕಿದರೂ ಇರುವುದಿಲ್ಲ. ಪೆಟ್ಟಿಗೆ ಒಂದೇ ಆದರೆ ಒಂದು ಕುರ್ಚಿಗೆ ಮಾತ್ರ ಚೆನ್ನಾಗಿ ಕೇಳಿಸಬಹುದು. ಪಕ್ಕದಲ್ಲಿ ಕೂತವರಿಗೂ ಅಷ್ಟೇ ಚೆನ್ನಾಗಿ ಕೇಳಬೇಕಾದರೆ ಪೆಟ್ಟಿಗೆಗಳು ಹೆಚ್ಚು ಬೇಕು.

ಪುತ್ತೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಪೆಟ್ಟಿಗೆ ಒಂದೇ. ಕುರ್ಚಿಯೂ ಒಂದೇ. ಅಲ್ಲಿ ಸದ್ದು ಬಹಳ ಚೆನ್ನಾಗಿದೆ, ಹೇಳಿಕೊಳ್ಳಲು ಬೇಜಾರಾಗುವಷ್ಟು ಚೆನ್ನಾಗಿದೆ. ನನಗೆ ಮೂವತ್ತಾರು ದಾಟಿದೆ. ನಮ್ಮ ಸುಳ್ಯದ ಕಡೆ ಈಗ ಗಂಡುಮಕ್ಕಳಿಗೆ ಹೆಣ್ಣು ಸಿಗುವ ಕಷ್ಟ ಏನು ಅಂತ ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಮದುವೆಯಾಗಬೇಕು, ಪಕ್ಕದಲ್ಲಿ ಒಬ್ಬಳು ಕೂತು "ಸ್ವಲ್ಪ ಕಡಿಮೆ ಮಾಡಿ" ಅಂತ ಹೇಳಬೇಕು ಅಂತ ನನಗೆ ಬಹಳ ಆಸೆ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಹುಡುಕುವ ಭಾರವನ್ನು ನನ್ನ ಸೋದರಮಾವ ಹೊತ್ತುಕೊಂಡಿದ್ದಾರೆ. ಅವರು ಹುಡುಕುತ್ತಾರೆ, ನಾನು ಕೆಡಿಸುತ್ತೇನೆ.

ಅಂಬೆಗಾಲು

ಕೆದಂಬಾಡಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರ ಮನೆ. ಪೆಟ್ಟಿಗೆ ಎಲ್ಲಿಟ್ಟರೆ ಸರಿ ಅಂತ ಗೊತ್ತುಮಾಡಲು ನಮ್ಮಲ್ಲಿ ಒಂದು ಉಪಾಯ ಇದೆ. ಮನುಷ್ಯ ಕೂರುವ ಜಾಗದಲ್ಲಿ ಪೆಟ್ಟಿಗೆಯನ್ನು ಕೂರಿಸಿ, ಸದ್ದು ಹಾಕಿ, ನಾವು ಗೋಡೆಯ ಬುಡದಲ್ಲಿ ಅಂಬೆಗಾಲಿಟ್ಟು ಹೋಗಬೇಕು. ಎಲ್ಲಿ ಸದ್ದು ಸ್ಪಷ್ಟವಾಗಿ, ಸಮನಾಗಿ ಕೇಳುತ್ತದೋ ಅದೇ ಪೆಟ್ಟಿಗೆ ಇಡುವ ಜಾಗ. ನೋಡಲು ಚೆಂದ ಇಲ್ಲ, ಆದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಆ ಯಜಮಾನರಿಗೆ ಎಲ್ಲವನ್ನೂ ಸ್ವತಃ ಪರೀಕ್ಷಿಸಬೇಕು. "ನಾನೂ ಬರ್ತೇನೆ" ಅಂತ ಪಂಚೆ ಎತ್ತಿ ಕಟ್ಟಿ ನನ್ನ ಹಿಂದೆಯೇ ಮಂಡಿಯೂರಿದರು. ಮುಂದೆ ನಾನು, ಹಿಂದೆ ಅವರು. ಸೋಫಾದ ಮೇಲೆ ಪೆಟ್ಟಿಗೆ ನೆಂಟರ ಹಾಗೆ ಕೂತು ಗುಂ ಗುಂ ಅನ್ನುತ್ತಿತ್ತು. ಮೂಲೆ ಬಂದಾಗ ನಾನು ಕಿವಿಯನ್ನು ಗೋಡೆಗೆ ಆನಿಸಿದರೆ ಅವರೂ ಆನಿಸುತ್ತಿದ್ದರು. "ಇಲ್ಲಿ ದಪ್ಪ ಆಯ್ತು," ಅನ್ನುತ್ತಿದ್ದೆ. "ಹೌದೌದು, ಇಲ್ಲಿ ದಪ್ಪ," ಅನ್ನುತ್ತಿದ್ದರು.

ಆ ದಿನವೇ ಒಂದು ಹುಡುಗಿಯ ದೊಡ್ಡಪ್ಪ ನನ್ನನ್ನು ವಿಚಾರಿಸಲು ಪುತ್ತೂರಿಗೆ ಬಂದಿದ್ದರಂತೆ. ಹುಡುಗ ಎಂಥವನು, ಏನು ಮಾಡುತ್ತಾನೆ ಅಂತ ಅವನಿಗೆ ಗೊತ್ತಾಗದ ಹಾಗೆ ಬಂದು ನೋಡಿಹೋಗುವುದು ನಮ್ಮಲ್ಲಿ ಪದ್ಧತಿ. ಅಲ್ಲಿನ ನನ್ನ ಅಂಗಡಿಯಲ್ಲಿ ನಾನಿಲ್ಲ. ಪಕ್ಕದ ಟೈಲರು, ಒಳ್ಳೆಯದಾಗಲಿ ಅಂತ, ಕೆದಂಬಾಡಿಯ ಮನೆಗೆ ದಾರಿ ಹೇಳಿಕೊಟ್ಟಿದ್ದಾನೆ.

ಬಾಗಿಲಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ನಿಂತದ್ದು ನನಗೆ ಕಂಡಿತು. ಮನೆಯವರ ನೆಂಟರಿರಬೇಕು ಅಂದುಕೊಂಡು, ಅಂಬೆಗಾಲಲ್ಲಿ ಇದ್ದಲ್ಲಿಂದಲೇ ಒಂದು ಕೈ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋದೆ.

"ಇವರು ಎಂತ ಹುಡುಕುದು?" ಅಂತ ಅವರು ಮನೆಯ ಅಮ್ಮನನ್ನು ಮೆಲ್ಲಗೆ ಕೇಳಿದರು.

"ಎಂತ ಅಂತ ಗೊತ್ತಿಲ್ಲ. ಬೆಳಿಗ್ಗೆಯಿಂದ ಹೀಗೇ. ಈಗ ನಮ್ಮ ಯಜಮಾನರಿಗೂ ಹಿಡಿದಿದೆ," ಅಂದರು ಆ ಅಮ್ಮ.

ಮಾವನಿಗೆ ಸಂಜೆ ಫೋನು ಬಂತು. ಸಂಬಂಧ ಬೇಡವಂತೆ. ಮಾವ ಬಿಡಲಿಲ್ಲ, "ಯಾಕೆ ಮಾರಾಯ್ರೆ? ನಮ್ಮ ಹುಡುಗ ಒಂದು ತೊಟ್ಟು ಕುಡಿಯುದಿಲ್ಲ" ಅಂತ ವಾದಿಸಿದರು.

ಆ ದೊಡ್ಡಪ್ಪ ಹೇಳಿದರಂತೆ: "ಅದೇ ನಮಗೆ ಹೆದರಿಕೆ ಆದದ್ದು. ಕುಡಿದು ಹಾಗೆ ಹೋಗುವುದಾಗಿದ್ರೆ ಬಿಡಿಸ್ಬಹುದಿತ್ತು."

ಈಶಾನ್ಯದ ಪೆಟ್ಟಿಗೆ

ಕಡಬದ ರಬ್ಬರ್ ವ್ಯಾಪಾರಿಯೊಬ್ಬರು ನಾಲ್ಕು ಮೂಲೆಗೆ ನಾಲ್ಕು ಪೆಟ್ಟಿಗೆ ಬೇಕೆಂದರು. ನನಗೆ ಸಂತೋಷವೇ. ನಾಲ್ಕು ಮೂಲೆಯಿಂದ ಬಂದರೆ ಸದ್ದು ಕೋಣೆಯಲ್ಲಿ ಸಮನಾಗಿ ಹರಡುತ್ತದೆ. ಮೂರನ್ನು ಇಟ್ಟು ನಾಲ್ಕನೆಯದನ್ನು ಎತ್ತುವಾಗ ವಾಸ್ತು ನೋಡುವವರು ಬಂದರು.

ನೈಋತ್ಯದ ಕನ್ನಿಮೂಲೆಯಲ್ಲಿ ಎಷ್ಟು ಭಾರ ಇಟ್ಟರೂ ಅಡ್ಡಿಯಿಲ್ಲ, ಆದರೆ ಈಶಾನ್ಯದಲ್ಲಿ ಭಾರ ಕೂಡದು ಅಂದರು. ಪೆಟ್ಟಿಗೆ ಮೂವತ್ತೈದು ಕಿಲೋ ಇತ್ತು. "ಎಷ್ಟು ಕಿಲೋದವರೆಗೆ ಆಗ್ತದೆ?" ಅಂತ ನಾನು ಕೇಳಿದೆ. ಅದು ತಮಾಷೆಗೆ ಕೇಳಿದ್ದಲ್ಲ, ಹಗುರದ್ದು ಸಿಗುತ್ತದೆ. ಅವರಿಗೆ ಸಿಟ್ಟು ಬಂತು.

ವ್ಯಾಪಾರಿಗೆ ಎರಡೂ ಕಡೆ ಹೆದರಿಕೆ. ಮೂರು ಮೂಲೆಯಲ್ಲಿ ಪೆಟ್ಟಿಗೆ ಇದ್ದು ಒಂದು ಮೂಲೆ ಬೋಳಾದರೆ ನೋಡಿದವರು ಏನು ಹೇಳಿಯಾರು? ಕೊನೆಗೆ ಅವರೇ ದಾರಿ ಕಂಡುಹಿಡಿದರು. ಬಡಗಿಯನ್ನು ಕರೆಸಿ ತೆಳು ಪ್ಲೈವುಡ್ಡಿನಲ್ಲಿ ಅಂಥದ್ದೇ ಒಂದು ಪೆಟ್ಟಿಗೆ ಮಾಡಿಸಿ, ಮುಂದೆ ಕಪ್ಪು ಬಟ್ಟೆ ಹೊಡೆಸಿ ಈಶಾನ್ಯದಲ್ಲಿಟ್ಟರು. ಒಳಗೆ ಏನೂ ಇಲ್ಲ. ನಾನು ಉಳಿದ ಮೂರನ್ನೇ ಅಳೆದು, ಜಾಗ ಬದಲಿಸಿ, ಒಂದರ ಸದ್ದನ್ನು ಚೂರು ತಡವಾಗಿಸಿ, ಇನ್ನೊಂದನ್ನು ತಗ್ಗಿಸಿ ಹೇಗೋ ಹದಕ್ಕೆ ತಂದೆ.

ಅವರ ತಾಯಿ ಇಡೀ ದಿನ ನನ್ನನ್ನೇ ನೋಡುತ್ತಿದ್ದರು. ಊಟಕ್ಕೆ ಕೂತಾಗ ಎಲ್ಲಾ ಮನೆಯಲ್ಲೂ ಬರುವ ಪ್ರಶ್ನೆ ಬಂತು.

"ಮದುವೆ ಆಗಿದ್ಯಾ?"

"ಇಲ್ಲ ಅಮ್ಮ. ನೋಡ್ತಾ ಇದ್ದಾರೆ."

"ನಮ್ಮ ಕಡೆ ಒಂದು ಹುಡುಗಿ ಉಂಟು. ಆದ್ರೆ ಹುಡುಗನಿಗೆ ಎಂತ ಕೆಲಸ ಅಂತ ಹೇಳುದು?"

ಎರಡನೇ ಸಲ ಸಾರು ಬರುವವರೆಗೂ ನಾನು ವಿವರಿಸಿದೆ. ಸದ್ದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರುತ್ತದೆ, ಅದನ್ನು ಎಲ್ಲರಿಗೂ ಸಮ ಮಾಡುವುದು ಅಂದೆ. ಅವರು ಎಲ್ಲ ಕೇಳಿ, ಮಜ್ಜಿಗೆ ಹೊಯ್ಯುತ್ತಾ, "ಹಾಗಾದ್ರೆ ಸರಕಾರಿ ಅಲ್ಲ" ಅಂದರು. ಆ ಹುಡುಗಿಯ ಮಾತು ಅಲ್ಲಿಗೇ ಮುಗಿಯಿತು.

ಸಂಜೆ ವ್ಯಾಪಾರಿಯ ಬಾವ ಬಂದರು. ಅವರು ಸದ್ದಿನ ವಿಷಯದಲ್ಲಿ ತಿಳಿದವರಂತೆ. ನಾಲ್ಕೂ ಮೂಲೆಗೆ ಹೋಗಿ, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ ಕೇಳಿದರು. ಈಶಾನ್ಯದ ಪೆಟ್ಟಿಗೆಯ ಎದುರು ಬಹಳ ಹೊತ್ತು ನಿಂತರು.

"ಆ ಮೂರು ಬರೀ ಗುಡುಗುಡು. ಇದೊಂದು ನೋಡಿ ಬಾವ, ಎಷ್ಟು ಸಾಫ್! ಸದ್ದು ಇದೆಯೋ ಇಲ್ಲವೋ ಅಂತ ಗೊತ್ತಾಗುದಿಲ್ಲ."

ವ್ಯಾಪಾರಿ ನನ್ನ ಮುಖ ನೋಡಲಿಲ್ಲ. "ಹೌದು ಬಾವ," ಅಂದರು, "ಅದಕ್ಕೆ ಕರೆಂಟೂ ಕಡಿಮೆ ಸಾಕು."

ಎಷ್ಟು ಇಂಚು?

ಬೆಳ್ಳಾರೆಯಲ್ಲಿ ಗಲ್ಫಿನಿಂದ ವಾಪಸು ಬಂದು ಅಂಗಡಿ ಹಾಕಿದ ಬ್ಯಾರಿಯೊಬ್ಬರ ಮನೆ. ಅಣ್ಣ, ತಮ್ಮ, ಅವರ ಹೆಂಡತಿಯರು, ಮಕ್ಕಳು, ಎಲ್ಲರ ಮೇಲೆ ಅವರ ತಾಯಿ, ಉಮ್ಮ. ಕೋಣೆಯಲ್ಲಿ ಎರಡು ಸಾಲು ಸೋಫಾ, ನಾಲ್ಕು ಪೆಟ್ಟಿಗೆ. ಇಷ್ಟು ಜನರಿಗೂ ಸದ್ದು ಸಮ ಆಗಬೇಕಾದರೆ ಪ್ರತಿಯೊಂದು ಸೀಟಿನಲ್ಲಿ ತಲೆ ಬರುವ ಎತ್ತರಕ್ಕೆ ಮೈಕು ಕಟ್ಟಿ, ತಗ್ಗಿನ ಸದ್ದನ್ನು ಮತ್ತೆ ಮತ್ತೆ ಹೊರಡಿಸಿ ಅಳೆಯಬೇಕು.

ಅಳೆಯುವುದಕ್ಕಿಂತ ಮೊದಲು ಮನೆ ಸುಮ್ಮನಿರಬೇಕಲ್ಲ? ಸದ್ದು ಹಾಕಿದ ಕೂಡಲೇ ಷೋಕೇಸಿನ ಗಾಜು ಕಿರಗುಟ್ಟಿತು. ಗಾಜಿಗೆ ಕಾಗದ ಸಿಕ್ಕಿಸಿದೆವು. ಅಡಿಗೆಮನೆಯಲ್ಲಿ ಸ್ಟೀಲ್ ತಟ್ಟೆಗಳು ಹಾಡತೊಡಗಿದವು. ಉಮ್ಮ ತಟ್ಟೆಗಳನ್ನೆಲ್ಲ ಮಡಿಲಲ್ಲಿ ಇಟ್ಟುಕೊಂಡು ಕೂತು, "ಈಗ ಹಾಕು ಮೋನೇ" ಅಂದರು. ಮೋನೇ ಅಂದರೆ ಮಗನೇ ಅಂತ. ನನ್ನನ್ನು ಹಾಗೆ ಯಾರಾದರೂ ಕರೆದು ಬಹಳ ಕಾಲವಾಗಿತ್ತು.

ಡಂ, ಡಂ, ಡಂ ಅಂತ ನಾಲ್ಕೂ ಪೆಟ್ಟಿಗೆ ಒಟ್ಟಿಗೆ ಹೊಡೆಯಲು ಶುರುವಾದ ಸ್ವಲ್ಪ ಹೊತ್ತಿಗೆ ಪಕ್ಕದ ಜಾಗದ ಗೌಡರು ಬೇಲಿ ದಾಟಿ ಓಡಿಬಂದರು. ಮುಂಡಾಸು ಬಿಚ್ಚಿ ಕೈಗೆ ಬಂದಿತ್ತು.

"ಬೋರು ತೆಗೀತಿದ್ದೀರಲ್ಲ, ನನಗೆ ಒಂದು ಮಾತು ಹೇಳುದು ಬೇಡವಾ? ನಮ್ಮ ಬಾವಿ ಬತ್ತಿದ್ರೆ ನಾನು ಎಲ್ಲಿಗೆ ಹೋಗುದು?"

"ಬೋರು ಅಲ್ಲ ಗೌಡ್ರೆ. ಟೀವಿಯ ಸದ್ದು," ಅಂದರು ಮನೆಯವರು.

"ಟೀವಿಗೆ ನನ್ನ ದನದ ಹಟ್ಟಿಯ ಹಂಚು ನಡುಗುದಾ? ಗಾಡಿ ಎಲ್ಲಿ ಅಡಗಿಸಿಟ್ಟಿದ್ದೀರಿ?"

ಮನೆಗೆ ಸುತ್ತು ಹಾಕಿಸಿ ತೋರಿಸಿದೆವು. ಬೋರ್‌ವೆಲ್ ಗಾಡಿ ಎಲ್ಲೂ ಇಲ್ಲ. ಒಳಗೆ ಕರೆದು ನಡುವಿನ ಸೀಟಿನಲ್ಲಿ ಕೂರಿಸಿ ನಾನು ಅದೇ ಸದ್ದನ್ನು ಮತ್ತೆ ಹಾಕಿದೆ. ಗೌಡರು ಎರಡೂ ಕೈಯಿಂದ ಸೋಫಾ ಹಿಡಿದುಕೊಂಡು ಕೂತರು. ಚಾ, ಬಿಸ್ಕತ್ತು ಆಯಿತು. ಮಾತು ತಣ್ಣಗಾಯಿತು, ನಗೆ ಆಯಿತು. ಮಕ್ಕಳು ನಡುವಿನ ಸೀಟಿಗಾಗಿ ಹೊಡೆದಾಡುತ್ತಿದ್ದರು. "ಈಗ ಎಲ್ಲಿ ಕೂತರೂ ಒಂದೇ," ಅಂತ ನಾನು ಹೇಳಿದ್ದನ್ನು ಯಾರೂ ನಂಬದೆ ಸೀಟು ಬದಲಿಸಿ ಬದಲಿಸಿ ನೋಡಿದರು, ಆಮೇಲೆ ಎಲ್ಲರೂ ಒಂದೇ ಸೋಫಾದಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡರು. ನನಗೆ ಆ ಹೊತ್ತು ಹೊಟ್ಟೆಕಿಚ್ಚಾಯಿತು. ಊರೆಲ್ಲ ಸೀಟುಗಳನ್ನು ಸಮ ಮಾಡಿಕೊಡುವವನು ನಾನು, ನನ್ನ ಕೋಣೆಯಲ್ಲಿ ಸಮ ಮಾಡಲು ಎರಡನೆಯ ಸೀಟೇ ಇಲ್ಲ. ಉಮ್ಮನಿಗೆ ಏನು ಕಂಡಿತೋ, "ಉಂಡುಕೊಂಡೇ ಹೋಗ್ಬೇಕು ಮೋನೇ" ಅಂತ ಪತ್ತಿರು ಬಡಿಸಿದರು. ಅಕ್ಕಿಯ ಆ ತೆಳುರೊಟ್ಟಿ ನಾನು ಎಷ್ಟು ತಿಂದೆ ಅಂತ ಹೇಳುವುದಿಲ್ಲ.

ಗೌಡರು ಹೊರಟರು. ಅಂಗಳ ದಾಟಿ, ಬೇಲಿಯ ಹತ್ತಿರ ಹೋದವರು ತಿರುಗಿ ಬಂದು, ಯಾರಿಗೂ ಕೇಳದ ಹಾಗೆ ನನ್ನ ಕಿವಿಯಲ್ಲಿ ಕೇಳಿದರು:

"ನಾನು ಯಾರಿಗೂ ಹೇಳುದಿಲ್ಲ. ನೀರು ಎಷ್ಟು ಇಂಚು ಸಿಕ್ಕಿತು?"

ಹುಡುಗಿ ನೋಡಿದ್ದು

ನರಿಮೊಗರಿನ ಸಂಬಂಧವನ್ನು ಮಾವ ಬಹಳ ಕಷ್ಟಪಟ್ಟು ತಂದರು. ಹುಡುಗಿಗೆ ಪುತ್ತೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ತಂದೆ ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದು ನಿವೃತ್ತರಾದವರು. "ಈ ಸಲ ಬಾಯಿ ಮುಚ್ಚಿ ಕೂರು. ನೆಲಕ್ಕೆ ಮಾತ್ರ ಬೀಳಬೇಡ," ಅಂತ ಮಾವ ದಾರಿಯುದ್ದಕ್ಕೂ ಹೇಳಿದರು.

ಕೂತೆ. ಚಾ ಬಂತು, ಗೋಳಿಬಜೆ ಬಂತು. ಅಷ್ಟರಲ್ಲಿ ಟೀವಿಯ ಕೆಳಗೆ ಅಕ್ಕಪಕ್ಕ ಇಟ್ಟಿದ್ದ ಎರಡು ಸಬ್‌ವೂಫರ್ ನನ್ನ ಕಣ್ಣಿಗೆ ಬಿತ್ತು.

ಮಾಸ್ಟ್ರಿಗೆ ನನ್ನ ಕೆಲಸ ಗೊತ್ತಿತ್ತು. "ಒಂದು ಇದ್ದಾಗ ಲಾಯಿಕ್ ಇತ್ತು ಮಾರಾಯ್ರೆ. ಇನ್ನೊಂದು ತಂದ ಮೇಲೆ ಇದ್ದದ್ದೂ ಹೋಯ್ತು," ಅಂತ ಅವರು ಬ್ಯಾಂಡ್‌ಸೆಟ್ಟಿನ ಒಂದು ರೆಕಾರ್ಡಿಂಗ್ ಹಾಕಿದರು. ಶಾಲೆಯ ಕ್ರೀಡಾಕೂಟದ ದಿನ ಮಕ್ಕಳ ಸಾಲು ಮೈದಾನಕ್ಕೆ ಬರುವಾಗ ಬಾರಿಸುವ ದೊಡ್ಡ ಡೋಲಿನದ್ದು. ತುತ್ತೂರಿ ಕೇಳಿತು, ಸಣ್ಣ ಡೋಲು ಕೇಳಿತು. ದೊಡ್ಡ ಡೋಲು ಇಲ್ಲವೇ ಇಲ್ಲ. "ಇದು ಎದೆಗೆ ಹೊಡೀಬೇಕು. ನಾನು ಮಕ್ಕಳನ್ನು ಸಾಲು ಮಾಡಿದ್ದೇ ಆ ಡೋಲಿನಲ್ಲಿ. ಈಗ ಮೈದಾನಕ್ಕೆ ಹೋದ್ರೆ ನಾನು ಯಾರು?" ಅಂದರು. ಅವರ ಧ್ವನಿ ಸಣ್ಣದಾಯಿತು.

ನನಗೆ ರೋಗ ತಿಳಿಯಿತು. ಒಂದು ಪೆಟ್ಟಿಗೆ ಗಾಳಿಯನ್ನು ಮುಂದಕ್ಕೆ ದೂಡುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಎರಡೂ ದುಡಿಯುತ್ತವೆ, ಒಂದರ ದುಡಿಮೆಯನ್ನು ಇನ್ನೊಂದು ಅಳಿಸುತ್ತದೆ. ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ ಬದಲಿಸಿದರೆ ಆಯಿತು. ಮಾವ ನನ್ನ ಅಂಗಿ ಹಿಡಿದೆಳೆದರೂ ನಾನು ಅಷ್ಟರಲ್ಲಿ ಪೆಟ್ಟಿಗೆಯ ಹಿಂದೆ ಹೋಗಿದ್ದೆ.

ಕುರ್ಚಿಯಲ್ಲಿ ಕೂತು ಕೇಳಿ ಹೇಳುವವರು ಒಬ್ಬರು ಬೇಕು. ಮಾಸ್ಟ್ರು ನನ್ನ ಹಿಂದೆಯೇ ಬಗ್ಗಿದ್ದರು, ಮಾವನ ಬಾಯಲ್ಲಿ ಗೋಳಿಬಜೆ ಇತ್ತು. ಚಾದ ತಟ್ಟೆ ಹಿಡಿದುಕೊಂಡಿದ್ದ ಹುಡುಗಿಯೇ ಹೋಗಿ ಕೂತಳು.

"ಈಗ?" ಅಂದೆ ಪೆಟ್ಟಿಗೆಯ ಹಿಂದಿನಿಂದ.

"ಇಲ್ಲ."

ಸ್ವಿಚ್ ಬದಲಿಸಿದೆ. "ಈಗ?"

ಅವಳ ಕೈಯ ತಟ್ಟೆಯಲ್ಲಿ ಲೋಟಗಳು ಗಲಗಲ ಅಂದವು. ಆಮೇಲೆ ಅವಳು, "ಅಯ್ಯೋ. ಈಗ ಬಂತು. ಇಲ್ಲಿಗೇ ಬಂತು," ಅಂದಳು.

ಎಷ್ಟೋ ಮನೆಗಳಲ್ಲಿ ಹುಡುಗಿಯರು ನನ್ನ ಕೆಲಸ ಏನು ಅಂತ ಕೇಳಿದ್ದಾರೆ, ಅರ್ಥವಾಗದೆ ಸುಮ್ಮನಾಗಿದ್ದಾರೆ. ಅದನ್ನು ಕೂತು ಕೇಳಿದವಳು ಇವಳೊಬ್ಬಳೇ. ಆ "ಈಗ ಬಂತು" ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಇವಳೇ ಆಗಲಿ ದೇವರೇ ಅಂತ ಬೇಡಿಕೊಂಡೆ.

ಬಸ್ಸಿನಲ್ಲಿ ಮಾವ ಕೇಳಿದರು: "ಹುಡುಗಿ ಹೇಗೆ? ನೋಡಿದ್ಯಾ ಸರಿಯಾಗಿ?"

"ನಾನು ಪೆಟ್ಟಿಗೆಯ ಹಿಂದೆ ಇದ್ದೆ ಮಾವ."

"ಹಾಗಾದ್ರೆ ನೋಡಿದ್ದು ನಾನು ಒಬ್ಬನೇ ಅಂತಾಯ್ತು. ನನಗೆ ಒಪ್ಪಿಗೆ ಮಾರಾಯ, ಆದ್ರೆ ನಿನ್ನ ಅತ್ತೆ ಬಿಡ್ಲಿಕ್ಕಿಲ್ಲ."

ಒಪ್ಪಿಗೆ

"ಯೋಚಿಸಿ ಹೇಳ್ತೇವೆ" ಅಂದಿದ್ದರು ಮಾಸ್ಟ್ರ ಮನೆಯವರು. ವಾರ ಕಳೆಯಿತು. ಫೋನಿನಲ್ಲಿ ಮಾಸ್ಟ್ರ ಹೆಸರು ಕಂಡಾಗ ನನ್ನ ಎದೆಯೇ ಡೋಲಾಯಿತು.

"ಸದ್ದು ಹೋಯ್ತು ಮಾರಾಯ್ರೆ. ಆದಿತ್ಯವಾರ ಒಮ್ಮೆ ಬರ್ಲಿಕ್ಕೆ ಆಗ್ತದಾ?"

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ನೋಡಿದರೆ ಆ ಸ್ವಿಚ್ ಮತ್ತೆ ಹಿಂದಿನ ಜಾಗಕ್ಕೆ ಹೋಗಿದೆ. ಸರಿ ಮಾಡಿದೆ. ಮಾಸ್ಟ್ರು "ಕೂತ್ಕೊಳ್ಳಿ, ಸರಿಯಾಯ್ತಾ ಕೇಳುವ" ಅಂತ ಪಕ್ಕದಲ್ಲಿ ಕೂರಿಸಿಕೊಂಡು ಇಡೀ ಬ್ಯಾಂಡ್ ಕೇಳಿಸಿದರು. ಮುಂದಿನ ವಾರ ಮತ್ತೆ ಫೋನು, ಮತ್ತೆ ಅದೇ ಸ್ವಿಚ್. ಅದರ ಮುಂದಿನ ವಾರವೂ ಅದೇ.

ಆ ಸ್ವಿಚ್ ಗಟ್ಟಿ. ಉಗುರು ಹಾಕಿ ದೂಡದೆ ಸರಿಯುವುದಿಲ್ಲ. ಅಂದಮೇಲೆ ಆ ಮನೆಯಲ್ಲಿ ಯಾರಿಗೋ ನಾನು ಮತ್ತೆ ಮತ್ತೆ ಬರಬೇಕಾಗಿದೆ. ಯಾರಿಗೆ ಅಂತ ಯೋಚಿಸಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಒಮ್ಮೆ ಅವಳು ಸ್ಕೂಟಿ ನಿಲ್ಲಿಸುತ್ತಾ, "ಪುನಃ ಹಾಳಾಯ್ತಾ?" ಅಂತ ನಕ್ಕದ್ದು ಬೇರೆ ಇತ್ತು. ಹೊಸ ಅಂಗಿ ತೆಗೆದೆ. ತಲೆಕೂದಲು ಕತ್ತರಿಸಿಕೊಂಡೆ. ನನ್ನ ಕೋಣೆಯಲ್ಲಿ ಎರಡನೇ ಕುರ್ಚಿ ಎಲ್ಲಿಟ್ಟರೆ ಸರಿ ಅಂತ ಮೈಕು ಹಿಡಿದು ಅಳತೆಯನ್ನೂ ಮಾಡಿದೆ. ಕುರ್ಚಿ ಇಲ್ಲದ ಜಾಗಕ್ಕೆ ಮೈಕು ಕಟ್ಟಿ ಕೂತವನು ಈ ಮೂರು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮುಂದಿನ ಆದಿತ್ಯವಾರ ಬೈಕಿನವರೊಬ್ಬರು ದಾರಿಯಲ್ಲಿ ಹತ್ತಿಸಿಕೊಂಡದ್ದರಿಂದ ನಾನು ಹೇಳಿದ ಹೊತ್ತಿಗಿಂತ ಬೇಗ ಮುಟ್ಟಿದೆ. ಅವಳು ಜಗಲಿಯಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡವಳೇ ಒಳಗೆ ತಿರುಗಿ ಕೂಗಿದಳು:

"ಅಪ್ಪಾ, ಇನ್ನೂ ಆಗ್ಲಿಲ್ವಾ? ಅವರು ಬಂದೇ ಬಿಟ್ರು!"

ಒಳಗೆ ಮಾಸ್ಟ್ರು ನೆಲಕ್ಕೆ ಮಲಗಿ, ಪೆಟ್ಟಿಗೆಯ ಹಿಂದೆ ಭುಜದವರೆಗೆ ಕೈ ತೂರಿಸಿಕೊಂಡು ಸ್ವಿಚ್ ಹುಡುಕುತ್ತಿದ್ದರು. ಕೈ ಸಿಕ್ಕಿಕೊಂಡಿತ್ತು. ನಾನೇ ಪೆಟ್ಟಿಗೆ ಸರಿಸಿ ಬಿಡಿಸಿದೆ.

ಅವರು ಧೂಳು ಒರೆಸಿಕೊಂಡು ಎದ್ದರು. ಶಾಲೆಯ ಮಕ್ಕಳನ್ನೆಲ್ಲ ಹೆದರಿಸಿದ ಮನುಷ್ಯ ನನ್ನ ಮುಖ ನೋಡಲಿಲ್ಲ.

"ಅವಳು ಲ್ಯಾಬಿನಲ್ಲೇ ಒಬ್ಬರನ್ನು ಒಪ್ಪಿದ್ದಾಳೆ. ಒಳ್ಳೆಯ ಜನ. ನಿಮ್ಮ ಮಾವನಿಗೆ ಮೊದಲೇ ಹೇಳ್ಬೇಕಿತ್ತು. ಹೇಳಿದ್ರೆ ನೀವು ಬರ್ಲಿಕ್ಕಿಲ್ಲ ಅಂತ ಹೇಳ್ಲಿಲ್ಲ."

ಹೊಸ ಅಂಗಿಯ ಕಾಲರು ಕತ್ತು ಕೊರೆಯುತ್ತಿತ್ತು. ಸ್ಕೂಟಿ ಹೊರಟ ಸದ್ದು ಕೇಳಿತು, ತಿರುವಿನವರೆಗೂ ಕೇಳಿತು.

"ನಾನು ಇದನ್ನು ಹಾಕಿದ ಕೂಡಲೇ ಇವಳ ಅಮ್ಮ ಅಡಿಗೆಮನೆಗೆ, ಇವಳು ಮಹಡಿಗೆ," ಅಂದರು ಮಾಸ್ಟ್ರು. "ನಾನೊಬ್ಬನೇ ಕೂತು ಕೇಳುದು ಮಾರಾಯ್ರೆ. ನೀವು ಬಂದ ದಿನ ಮಾತ್ರ ಪಕ್ಕದಲ್ಲಿ ಒಬ್ಬರು."

ಎದ್ದು ಹೋಗಬೇಕು ಅಂತ ಇದ್ದೆ. ಸಿಟ್ಟೂ ಬಂದಿತ್ತು, ಅದಕ್ಕಿಂತ ಹೆಚ್ಚು ಅಳು ಬಂದಿತ್ತು. ಆದರೆ ಒಂದೇ ಕುರ್ಚಿಯಲ್ಲಿ ಕೂತು ಕೇಳುವುದು ಎಂಥದ್ದು ಅಂತ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಸ್ವಿಚ್ ಸರಿ ಮಾಡಿ ಬಂದು ಅವರ ಪಕ್ಕದಲ್ಲಿ ಕೂತೆ. ದೊಡ್ಡ ಡೋಲು ಇಬ್ಬರ ಎದೆಗೂ ಒಂದೇ ಹಾಗೆ ಹೊಡೆಯಿತು. ಮಾಸ್ಟ್ರು ಕಣ್ಣು ಮುಚ್ಚಿ, ಕಾಲಲ್ಲಿ ಎಡ ಬಲ ಎಡ ಬಲ ಹಾಕುತ್ತಿದ್ದರು. "ಇನ್ನು ಪ್ರತಿ ಆದಿತ್ಯವಾರ ಬರ್ಬೇಕು. ಹಾಳು ಮಾಡದೆ ಕರೀತೇನೆ," ಅಂದರು. ಬರುತ್ತೇನೆ ಅಂದೆ.

ನಡುವೆ ಮಾವನ ಫೋನು. ನಾನು ಹೊರಗೆ ಅಂಗಳಕ್ಕೆ ಬಂದೆ.

"ಎಂತ ಆಯ್ತು? ಒಪ್ಪಿದ್ರಾ?"

"ಒಪ್ಪಿದ್ರು ಮಾವ. ಪ್ರತಿ ಆದಿತ್ಯವಾರ ಬರ್ಬೇಕಂತೆ."

"ದೇವರು ದೊಡ್ಡವ! ಹುಡುಗಿಯೇ ಹೇಳಿದ್ದಾ?"

"ಅಲ್ಲ. ಹುಡುಗಿಯ ಅಪ್ಪ. ಹುಡುಗಿಗೆ ಬೇರೆ ಕಡೆ ಆಗಿದೆ."

ಮಾವ ಉಸಿರು ಬಿಟ್ಟ ಸದ್ದು ಬಂತು.

"ಇರ್ಲಿ, ಬಿಡ್ಬೇಡ ಮಾರಾಯ. ಈಗಿನ ಕಾಲದಲ್ಲಿ ಆ ಮನೆಯಿಂದ ಒಬ್ರಾದ್ರೂ ಒಪ್ಪಿದ್ರಲ್ಲ."